ತನ್ನ ಬಟ್ಟಲಿನಲ್ಲಿ ಉಣ್ಣದ ಹುಡುಗಿ

ನನ್ನ ತಮ್ಮನ ಮಗಳು ತನ್ನ ಬಟ್ಟಲಿನಲ್ಲಿ ಉಣ್ಣುತ್ತಿರಲಿಲ್ಲ. ಬಟ್ಟಲು ಎಂದರೆ ನಮ್ಮ ಕಡೆ ಊಟದ ತಟ್ಟೆ. ಕೈಯಿಂದ ಬಾಯಿಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ಬರುತ್ತಿತ್ತು. ಆದರೆ ಬೇರೆಯವರ ಬಟ್ಟಲಿನಿಂದ. ಎದುರಿಗೆ ಅನ್ನ, ಸಾರು, ಮೀನಿನ ತುಂಡು ಎಲ್ಲ ಬಡಿಸಿಟ್ಟಿದ್ದರೂ ಅದನ್ನು ಬಿಟ್ಟು ಅಮ್ಮನ ಮಡಿಲಿಗೆ ಹತ್ತಿ, ಅಮ್ಮ ಕಲಸಿದ ಅನ್ನಕ್ಕೇ ಕೈ ಹಾಕಬೇಕು. ಅದೇ ಅನ್ನ, ಅದೇ ಸಾರು. ನಾಲ್ಕು ವರ್ಷದ ಮಗುವಿಗೆ ಅದರಲ್ಲಿ ಎಂತ ಹೆಚ್ಚಿನ ರುಚಿ ಸಿಗುತ್ತಿತ್ತೋ ದೇವರೇ ಬಲ್ಲ.

ನಾನು ಮದುವೆಯಾಗಿ ಸೇರಿದ್ದು ಮೂಡುಬಿದಿರೆಯ ಹತ್ತಿರದ ತೋಡಾರಿಗೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಬಿಸಿಯೂಟದ ಹೊತ್ತಿಗೆ ಮಕ್ಕಳ ಸಾಲಿನ ನಡುವೆ ಓಡಾಡಿಕೊಂಡು, “ಬಟ್ಟಲು ಖಾಲಿ ಮಾಡದೆ ಎದ್ದರೆ ಜಾಗ್ರತೆ!” ಎಂದು ಹೆದರಿಸಿ ಹೆದರಿಸಿಯೇ ನನ್ನ ಗಂಟಲು ಒರಟಾದದ್ದು. ಮಕ್ಕಳ ಊಟದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂಬ ಜಂಬ ಬೇರೆ. ಹಾಗಾಗಿ ಪುಂಜಾಲಕಟ್ಟೆಯಲ್ಲಿರುವ ತಮ್ಮನ ಮನೆಗೆ ಹೋದಾಗಲೆಲ್ಲ ಅವನ ಹೆಂಡತಿಗೆ ನನ್ನಿಂದ ಒಂದು ಪಾಠ ತಪ್ಪುತ್ತಿರಲಿಲ್ಲ.

“ಎಂತ ಮಾರಾಯ್ತಿ, ಇದನ್ನು ಹೀಗೇ ಬಿಟ್ಟರೆ ನಾಳೆ ಶಾಲೆಯಲ್ಲಿ ಪಕ್ಕದ ಮಗುವಿನ ಬಟ್ಟಲಿಗೆ ಕೈ ಹಾಕ್ತದೆ. ಎಂಜಲು ಗಿಂಜಲು ಅಂತ ಉಂಟಾ ಇಲ್ವಾ ಈ ಮನೆಯಲ್ಲಿ?”

ಅವಳು ನಾರಾವಿಯ ಹುಡುಗಿ, ಸಿಟ್ಟೇ ಗೊತ್ತಿಲ್ಲದವಳು. “ಎಂತ ಮಾಡುದು ಅಕ್ಕ, ಒಬ್ಬಳೇ ಉಂಡರೆ ಅದಕ್ಕೆ ಇಳಿಯುವುದೇ ಇಲ್ಲ,” ಎಂದು ನಕ್ಕು, ತನ್ನ ಬಟ್ಟಲನ್ನು ಮಗುವಿನ ಕಡೆಗೆ ಇನ್ನಷ್ಟು ಸರಿಸುತ್ತಿದ್ದಳು.

ನಾನು ಬಿಡುವವಳಾ? ಒಮ್ಮೆ ಮೂಡುಬಿದಿರೆಯ ಪೇಟೆಯಿಂದ ಕರಡಿಯ ಚಿತ್ರವಿದ್ದ, ಮೂರು ಭಾಗ ಮಾಡಿದ ಬಣ್ಣದ ಬಟ್ಟಲು ತಂದುಕೊಟ್ಟೆ. ಇದರಲ್ಲಿ ಉಣ್ಣದೆ ಎಲ್ಲಿಗೆ ಹೋಗ್ತದೆ ನೋಡುವ ಎಂದುಕೊಂಡೆ. ಅವಳು ಒಂದು ಭಾಗದಲ್ಲಿ ದಾಸವಾಳದ ಹೂ, ಇನ್ನೊಂದರಲ್ಲಿ ಕಲ್ಲು, ಮೂರನೆಯದರಲ್ಲಿ ನೀರು ತುಂಬಿಸಿ ಅಂಗಳದಲ್ಲಿ ಆಟಕ್ಕೆ ಕುಳಿತಳು. ಊಟಕ್ಕೆ ಮತ್ತೆ ಅಮ್ಮನ ಮಡಿಲೇ. ಇಲ್ಲವಾದರೆ ನೆರೆಮನೆ. ಅದು ಬ್ಯಾರಿಗಳ, ಎಂದರೆ ನಮ್ಮ ಕರಾವಳಿಯ ಮುಸ್ಲಿಮರ, ಮನೆ. ಗಂಡ ಗಲ್ಫಿನಲ್ಲಿ, ಹೆಂಡತಿ ಮತ್ತು ಮೂರು ಮಕ್ಕಳು ಇಲ್ಲಿ. ಆ ಮಕ್ಕಳು ಅಗಲವಾದ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುವವರು. ಇವಳು ಹೋಗಿ ನಡುವೆ ತೂರಿಕೊಂಡರೆ ಅಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. “ಇರ್ಲಿ ಟೀಚರೇ, ನಾಲ್ಕನೆಯದ್ದು ನಮ್ಮದೇ,” ಎನ್ನುತ್ತಿದ್ದಳು ಆ ತಾಯಿ. ನಾನು ಮುಖ ಗಂಟಿಕ್ಕಿಕೊಂಡು ವಾಪಸು ಬರುತ್ತಿದ್ದೆ.

ಆಮೇಲೆ ತಮ್ಮನ ಹೆಂಡತಿಗೆ ಕಾಯಿಲೆ ಬಂತು. ಹೊಟ್ಟೆಯೊಳಗಿನ ಕಾಯಿಲೆ. ಅದರ ಹೆಸರು ಹೇಳಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗುವುದು, ಬಾಟಲಿಯಲ್ಲಿ ಔಷಧಿ ಏರಿಸಿಕೊಂಡು ಬರುವುದು, ಮನೆಯಲ್ಲಿ ಬಿದ್ದುಕೊಳ್ಳುವುದು, ಮತ್ತೆ ಹೋಗುವುದು. ತಮ್ಮನದು ಜಂಕ್ಷನಿನಲ್ಲಿ ಸಣ್ಣ ಹೋಟೆಲು. ಬೆಳಿಗ್ಗೆ ಗೋಳಿಬಜೆ, ಬನ್ಸ್, ಮಧ್ಯಾಹ್ನ ಮೀನಿನೂಟ. ಅದನ್ನು ಬಿಟ್ಟರೆ ಸಂಸಾರ ನಡೆಯುವುದಿಲ್ಲ. ಹಾಗಾಗಿ ನಾನು ಗಂಡನನ್ನು ತೋಡಾರಿನಲ್ಲಿ ಬಿಟ್ಟು ಪುಂಜಾಲಕಟ್ಟೆಗೆ ಬಂದು ನಿಂತೆ.

ನಮ್ಮ ಕಡೆಯ ಪ್ರೀತಿ ಎಂದರೆ ಒತ್ತಾಯ. ಯಾರದೇ ಮನೆಯ ಊಟಕ್ಕೆ ಹೋಗಿ ನೋಡಿ. ಸಾಕು ಎಂದರೆ ಯಾರಿಗೂ ಕೇಳಿಸುವುದಿಲ್ಲ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿನಲ್ಲೂ ಒಂದು ಸೌಟು ಬೀಳಿಸಿದವರೇ ಒಳ್ಳೆಯ ಬಡಿಸುವವರು. ಕಾಯಿಲೆಯವಳ ಮೇಲೂ ನಾವು ಇದೇ ಪ್ರೀತಿಯನ್ನು ಹೇರಿದೆವು. ಒಬ್ಬರು ರಾಗಿ ಮಣ್ಣಿ ಮಾಡಿ ತಂದರು, ಒಬ್ಬರು ಎಳನೀರು, ಇನ್ನೊಬ್ಬರು ಯಾವುದೋ ಎಲೆಯ ಕಷಾಯ. ನಾನು ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು ಚಮಚ ಹಿಡಿದು ಕೂರುತ್ತಿದ್ದೆ. “ಒಂದೇ ಒಂದು ತುತ್ತು ಮಾರಾಯ್ತಿ, ನನ್ನ ಮುಖ ನೋಡಿಯಾದರೂ ತಿನ್ನು.” ಅವಳು ನನ್ನ ಮುಖ ನೋಡಿಯೇ ತಿನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಬಚ್ಚಲಿಗೆ ಓಡುತ್ತಿದ್ದಳು. ವಾಂತಿಯಾಯಿತು ಎಂಬ ಸಂಕಟಕ್ಕಿಂತ, ಅಕ್ಕ ಕಷ್ಟಪಟ್ಟು ಮಾಡಿದ್ದು ಹಾಳಾಯಿತಲ್ಲ ಎಂಬ ಸಂಕಟವೇ ಅವಳಿಗೆ ಹೆಚ್ಚು. ಬಾಯಿ ತೊಳೆದು ಬಂದು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಳು.

ಮಗುವಿನದು ಬೇರೆಯೇ ಕ್ರಮ. ಅದು ಬರಿಗೈಯಲ್ಲಿ ಬಂದು ಹಾಸಿಗೆ ಹತ್ತಿ, ಅಮ್ಮನ ಬಟ್ಟಲಿನಿಂದ ಒಂದು ತುತ್ತು ತಾನು ತಿನ್ನುತ್ತಿತ್ತು, ಒಂದು ತುತ್ತು ಅಮ್ಮನ ಬಾಯಿಯ ಹತ್ತಿರ ಹಿಡಿಯುತ್ತಿತ್ತು. ಅಮ್ಮ ಬಾಯಿ ತೆರೆದರೆ ಹಾಕುವುದು. ಮುಖ ತಿರುಗಿಸಿದರೆ “ಸಾಕಾ?” ಎಂದು ಕೇಳಿ ಅದೇ ತುತ್ತನ್ನು ತನ್ನ ಬಾಯಿಗೆ ಹಾಕಿಕೊಳ್ಳುವುದು. ಬೇಸರವಿಲ್ಲ, ಕಣ್ಣೀರಿಲ್ಲ, ನನ್ನ ಮುಖ ನೋಡು ಎಂಬ ದಮ್ಮಯ್ಯ ಇಲ್ಲ. ಬೇಡ ಎಂದವರಿಗೆ ಬೇಡ, ಅಷ್ಟೇ. ಮಗುವಿಗೆ ಅದರಲ್ಲಿ ಅವಮಾನವೇ ಇಲ್ಲ. ತನಗೇ ಬೇಡವಾದಾಗ ಬಾಯಿ ಬಿಗಿದುಕೊಂಡು ಕೂರುತ್ತಿದ್ದ ಮಗುವಲ್ಲವೇ, ಇನ್ನೊಬ್ಬರಿಗೂ ಹಾಗೇ ಆಗುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಆಶ್ಚರ್ಯವೆಂದರೆ ನನ್ನ ಚಮಚದಿಂದ ಇಳಿಯದ ಗಂಜಿ ಆ ಸಣ್ಣ ಬೆರಳುಗಳಿಂದ ಇಳಿಯುತ್ತಿತ್ತು. ಎಷ್ಟೋ ದಿನ ನಾನು ಬಾಗಿಲ ಮರೆಯಲ್ಲಿ ನಿಂತು, ಇವತ್ತು ಇಷ್ಟು ಹೋಯಿತು ಎಂದು ದೇವರಿಗೆ ಕೈ ಮುಗಿದದ್ದುಂಟು.

ಅದಕ್ಕೂ ಕಲ್ಲು ಬಿತ್ತು. ಔಷಧಿಯಿಂದ ತಾಯಿಯ ರಕ್ತದ ಬಲ ಕುಗ್ಗಿದೆ, ಸಣ್ಣ ನೆಗಡಿಯೂ ಜೀವಕ್ಕೆ ಬರಬಹುದು, ಮಗುವಿನ ಎಂಜಲು ಬೇಡವೇ ಬೇಡ ಎಂದರು ಆಸ್ಪತ್ರೆಯವರು. ಅವರು ಹೇಳಿದ್ದು ಸರಿಯೇ. ಆ ಮಾತನ್ನು ನಡೆಸಿದವಳು ನಾನೇ, ಅದನ್ನು ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ಮೊದಲ ದಿನ ಮಗುವನ್ನು ಅಡುಗೆಮನೆಗೆ ಎತ್ತಿಕೊಂಡು ಹೋದಾಗ ಒಳಗೆ ಅದರ ತಾಯಿ, ಹೊರಗೆ ಅದು, ಇಬ್ಬರೂ ಅಳುತ್ತ ಒಂದು ಅಗುಳೂ ತಿನ್ನಲಿಲ್ಲ. ಕೊನೆಗೆ ತಮ್ಮನೇ ಒಂದು ಉಪಾಯ ಮಾಡಿದ. ಕೋಣೆಯ ಹೊಸ್ತಿಲಿನ ಆಚೆ ಅಮ್ಮನ ಬಟ್ಟಲು, ಈಚೆ ಮಗಳ ಬಟ್ಟಲು. ಇಬ್ಬರೂ ಎದುರುಬದುರು ಕುಳಿತು ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಉಣ್ಣಬೇಕು. ಅಮ್ಮ ಒಂದು ತುತ್ತು ತಿಂದರೆ ಮಗಳು ಒಂದು ತುತ್ತು. ಮಗಳ ಹೊಟ್ಟೆ ತುಂಬಲಿ ಎಂದು ಅವಳು ನುಂಗಲಾಗದ್ದನ್ನೂ ನುಂಗುತ್ತಿದ್ದಳು. ಬೇಸಗೆಯ ಸೆಖೆ ಏರುವ ತನಕ ಹಾಗೆಯೇ ನಡೆಯಿತು.

ಆಮೇಲೆ ಅವಳು ಹೋದಳು. ಕೊನೆಗೆ ನೀರೂ ಇಳಿಯುತ್ತಿರಲಿಲ್ಲ.

ಹೆಣ ಮನೆಗೆ ತರುವಾಗ ಮಗುವನ್ನು ನೆರೆಮನೆಗೆ ಕಳಿಸಿದ್ದೆವು. ಎಲ್ಲ ಮುಗಿದ ಮೇಲೆ ಬಂದು ಕೇಳಿತು, ಅಮ್ಮ ಎಲ್ಲಿ? ಆಸ್ಪತ್ರೆಯಲ್ಲಿ ಉಂಟು, ಹುಷಾರಾಗಿ ಬರ್ತದೆ ಎಂದೆವು. ಮೊದಲು ಹೇಳಿದ್ದು ಯಾರೋ, ಆಮೇಲೆ ಎಲ್ಲರೂ ಅದನ್ನೇ ಹೇಳಿದೆವು. ಅಷ್ಟು ಸಣ್ಣ ಮಗುವಿಗೆ ಎಂತ ಹೇಳುವುದು, ಹೇಗೆ ಹೇಳುವುದು?

“ಅಲ್ಲಿ ಯಾರ ಒಟ್ಟಿಗೆ ಉಣ್ತದೆ?” ಎಂದು ಅದು ಕೇಳಿತು.

“ನರ್ಸಿನ ಒಟ್ಟಿಗೆ,” ಎಂದೆ ನಾನು. ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ.

ಸಾವಿನ ಮನೆಯಲ್ಲಿ ಆ ಮಗು ಉಂಡದ್ದನ್ನು ಬಂದವರೆಲ್ಲ ನೋಡಿದರು. ನೆಂಟರು ಸಾಲಾಗಿ ಕುಳಿತು ಗಂಜಿ ಕುಡಿಯುವಾಗ ಅದು ಒಬ್ಬೊಬ್ಬರ ಬಟ್ಟಲಿನ ಹತ್ತಿರವೂ ಹೋಗಿ ಕೂರುತ್ತಿತ್ತು. ಒಬ್ಬರಲ್ಲಿ ಒಂದು ತುತ್ತು, ಇನ್ನೊಬ್ಬರಲ್ಲಿ ಉಪ್ಪಿನಕಾಯಿಯ ಹೋಳು. “ಪಾಪ, ಎಂತದೂ ಗೊತ್ತಾಗುವುದಿಲ್ಲ,” ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಮಧ್ಯಾಹ್ನ ನನ್ನ ಬಟ್ಟಲಿನಿಂದ ತಿನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಅಮ್ಮ ಬೇಕು ಎಂದು ಜೋರಾಗಿ ಅತ್ತಳು. ಬಾಯಿ ತುಂಬ ಅನ್ನ, ಕೆನ್ನೆ ತುಂಬ ಕಣ್ಣೀರು. ಅಳುವ ನಡುವೆಯೇ ಅಗಿದಳು, ನುಂಗಿದಳು, ಮತ್ತೆ ಅತ್ತಳು, ಮತ್ತೆ ಕೈ ಹಾಕಿದಳು. ಅನ್ನದ ಎದುರು ಅಳಬಾರದು ಎಂದು ಗದರಿಸಿಯೇ ಬೆಳೆಸಿದವಳು ನಾನು, ನನ್ನ ಮಕ್ಕಳನ್ನೂ, ಶಾಲೆಯ ಮಕ್ಕಳನ್ನೂ. ಆ ದಿನ ಗದರಿಸಲು ಬಾಯಿ ಬರಲಿಲ್ಲ. ಅವಳಿಗೆ ದುಃಖವೂ ಇತ್ತು, ಹಸಿವೂ ಇತ್ತು. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡಬೇಕು ಎಂದು ಅವಳಿಗೆ ಯಾರೂ ಇನ್ನೂ ಕಲಿಸಿರಲಿಲ್ಲ.

ನನ್ನ ತಮ್ಮನಿಗೆ ಮಾತ್ರ ಹಾಗೆ ದುಃಖದ ನಡುವೆ ಉಣ್ಣಲು ಬರಲಿಲ್ಲ. ಅವನು ಊಟ ಬಿಟ್ಟ. ಹೋಟೆಲು ತೆರೆದ, ಬಂದವರಿಗೆಲ್ಲ ಬಡಿಸಿದ, ಇನ್ನೊಂದು ಹಾಕಲಾ ಎಂದು ಕೇಳಿದ. ತಾನು ಮಾತ್ರ ಅನ್ನ ಕಲಸಿ, ಉಂಡೆ ಕಟ್ಟಿ, ಅದನ್ನು ನೋಡುತ್ತ ಕುಳಿತು, ಎದ್ದು ಹೋಗಿ ನಾಯಿಗೆ ಹಾಕುತ್ತಿದ್ದ. ಮಗು ಅವನ ಪಕ್ಕದಲ್ಲೂ ಕುಳಿತು ತುತ್ತು ಹಿಡಿಯುತ್ತಿತ್ತು. ಅವನು ಮುಖ ತಿರುಗಿಸುತ್ತಿದ್ದ. ಮೊದಲೇ ಸಕ್ಕರೆ ಕಾಯಿಲೆಯವನು, ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುತ್ತಿದ್ದ. ಒಂದು ದಿನ ಹೋಟೆಲಿನ ಒಲೆಯ ಹತ್ತಿರವೇ ಕಣ್ಣು ಕತ್ತಲೆ ಬಂದು ಬಿದ್ದ. ಕುದಿಯುವ ಎಣ್ಣೆಯ ಬಾಣಲೆ ಒಂದು ಮೊಳ ಆಚೆ. ಗಿರಾಕಿಗಳೇ ರಿಕ್ಷಾದಲ್ಲಿ ಹಾಕಿ ಬಂಟ್ವಾಳಕ್ಕೆ ಕರೆದುಕೊಂಡು ಹೋದರು. ನಾನು ಓಡಿ ಮುಟ್ಟುವಾಗ ಡಾಕ್ಟರು ಅವನಿಗೆ ಬಯ್ಯುತ್ತಿದ್ದರು. “ಹೀಗೇ ಮಾಡಿದರೆ ನಿಮ್ಮನ್ನು ಉಳಿಸ್ಲಿಕ್ಕೆ ನನ್ನಿಂದಾಗುವುದಿಲ್ಲ. ಆ ಮಗುವಿಗೆ ಒಬ್ಬರು ಹೋದದ್ದು ಸಾಲದಾ?”

ಮನೆಗೆ ಬರುವ ದಾರಿಯಲ್ಲಿ ನಾನೂ ಬಾಯಿಗೆ ಬಂದ ಹಾಗೆ ಬೈದೆ. “ನಿನಗೆ ಬುದ್ಧಿ ಉಂಟಾ? ನಾನು ಎಷ್ಟು ದಿನ ಇರ್ತೇನೆ ಅಂತ ಮಾಡಿದ್ದಿ? ಹಸಿವಾಗುವುದಿಲ್ಲ ಅಂತ ಹೇಳಿದರೆ ಹೊಟ್ಟೆ ಕೇಳ್ತದಾ?”

ಅವನು ರಿಕ್ಷಾದ ಹೊರಗೆ ನೋಡುತ್ತಿದ್ದ. “ಹಸಿವಾಗುವುದಿಲ್ಲ ಅಂತ ನಾನೆಲ್ಲಿ ಹೇಳಿದೆ ಅಕ್ಕ? ಹಸಿವಾಗ್ತದೆ. ಮೀನು ಕಾಯಿಸುವಾಗ ಬಾಯಲ್ಲಿ ನೀರು ಬರ್ತದೆ. ಅವಳು ಒಂದು ಗುಟುಕು ನೀರು ಇಳಿಯದೆ ಹೋದಳು, ನನಗೆ ಮೀನಿನ ಆಸೆ ಆಗ್ತದಲ್ಲ, ಅದೇ ನಾಚಿಕೆ.”

ಹೀಗೇ ಬಿಟ್ಟರೆ ಇವನೂ ನಮ್ಮ ಕೈಗೆ ಉಳಿಯುವುದಿಲ್ಲ ಎಂಬ ಹೆದರಿಕೆ ಆ ದಿನ ಹತ್ತಿದ್ದು ಹೋಗಲೇ ಇಲ್ಲ.

ಉತ್ತರಕ್ರಿಯೆಯ ದಿನ ಬಂತು. ಅಲ್ಲಿಯವರೆಗೆ ಮನೆಯಲ್ಲಿ ಮೀನು ಮಾಂಸ ಇಲ್ಲ. ಆ ದಿನ ಸಂಜೆ ಹೋದವರಿಗೆ ಬಡಿಸುವುದು ನಮ್ಮ ಕ್ರಮ. ಒಂದು ಕೋಣೆಯನ್ನು ಗುಡಿಸಿ ಒರೆಸಿ, ದೀಪ ಇಟ್ಟು, ಬಾಳೆ ಎಲೆ ಹಾಕಿ, ಹೋದವರಿಗೆ ಬದುಕಿರುವಾಗ ಯಾವುದು ಇಷ್ಟವೋ ಅದನ್ನೆಲ್ಲ ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ಬರಬೇಕು. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು. ಒಳಗೆ ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ತೆರೆದು, ಆ ಎಲೆಯದ್ದನ್ನು ಮನೆಯವರು ಪ್ರಸಾದದಂತೆ ಹಂಚಿಕೊಳ್ಳುವುದು.

ಅವಳಿಗೆ ಏನು ಇಷ್ಟ ಎಂದು ಯಾರೂ ತಮ್ಮನನ್ನು ಕೇಳಬೇಕಾಗಲಿಲ್ಲ. ಬೆಳಿಗ್ಗೆಯೇ ಹೋಗಿ ಬೂತಾಯಿ ಮೀನು ತಂದ. ತಾನೇ ಮಸಾಲೆ ಅರೆದು ಹುಳಿಖಾರದ ಪುಳಿಮುಂಚಿ ಮಾಡಿದ, ನೀರುದೋಸೆ ಹೊಯ್ದ, ಕೋಳಿ ಬೇಯಿಸಿದ. ಕೆಲಸಕ್ಕೆ ಬಂದ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಮಗು ಅಡುಗೆಮನೆಗೂ ಜಗಲಿಗೂ ಓಡಾಡುತ್ತ, ಇದೆಲ್ಲ ಯಾರಿಗೆ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿತ್ತು. ತೆಂಗಿನಕಾಯಿ ತುರಿಯುತ್ತಿದ್ದ ನಮ್ಮ ದೊಡ್ಡಮ್ಮ ತಲೆ ಎತ್ತದೆ ಹೇಳಿದರು, “ನಿನ್ನ ಅಮ್ಮ ಬರ್ತಾಳಲ್ಲ ಮಗಾ ಇವತ್ತು ಊಟಕ್ಕೆ.”

“ಇವತ್ತಾ?”

“ಹೌದು. ಆ ಕೋಣೆಗೆ ಬರ್ತಾಳೆ, ಬಾಗಿಲು ಹಾಕಿದ ಮೇಲೆ.”

ನಮ್ಮ ಹಿರಿಯರು ಹೀಗೇ ಹೇಳುವುದು. ನಮಗೆಲ್ಲ ಆ ಮಾತಿನ ಅರ್ಥ ಗೊತ್ತು, ಹಾಗಾಗಿ ಕೇಳಿದ ಯಾರಿಗೂ ಏನೂ ಅನ್ನಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲೆ ಹಾಕಿದೆವು. ತಮ್ಮ ಬಡಿಸಿದ. ಬಾಗಿಲು ಎಳೆದುಕೊಂಡು ಹೊರಗೆ ಬಂದು ಎಲ್ಲರೂ ತಲೆ ತಗ್ಗಿಸಿ ಕುಳಿತೆವು. ಮಗು ಎಲ್ಲಿ ಎಂದು ನಾನು ಕಣ್ಣಲ್ಲೇ ಹುಡುಕಿದೆ. ಜಗಲಿಯಲ್ಲಿರಲಿಲ್ಲ. ಎಂದಿನಂತೆ ನೆರೆಮನೆಯ ತಟ್ಟೆಯ ಹತ್ತಿರ ಕುಳಿತಿರಬೇಕು ಎಂದುಕೊಂಡು ಸುಮ್ಮನಾದೆ. ಮೌನದಲ್ಲಿ ರಸ್ತೆಯ ಬಸ್ಸಿನ ಸದ್ದು ಕೇಳುತ್ತಿತ್ತು. ದೊಡ್ಡಮ್ಮ ಎದ್ದು ಬಾಗಿಲು ತಟ್ಟಿದರು. ತಮ್ಮ ಬಾಗಿಲು ತೆರೆದ.

ಮಗು ಒಳಗೆ ಕುಳಿತಿತ್ತು.

ಮಂಚದ ಕೆಳಗೆ ಅಡಗಿದ್ದು, ನಾವು ಹೊರಗೆ ಹೋದ ಮೇಲೆ ಬಂದು ಕುಳಿತಿರಬೇಕು. ಮೊಣಕಾಲಿಗೆಲ್ಲ ಧೂಳು. ಕುಳಿತದ್ದು ಎಲೆಯ ಎದುರಿಗಲ್ಲ, ಪಕ್ಕದಲ್ಲಿ, ಅಮ್ಮನಿಗೆ ಕುಳಿತುಕೊಳ್ಳಲು ಜಾಗ ಬಿಟ್ಟು. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಯಾರ ಬಟ್ಟಲಿಗೂ ಕೇಳದೆ ಕೈ ಹಾಕುವ ಆ ಹುಡುಗಿ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎಲೆಯ ಮೇಲೆ ಒಂದು ಮೀನೂ ಅಲುಗಿರಲಿಲ್ಲ.

“ಅಯ್ಯೋ ದೇವರೇ!” ಎಂದರು ದೊಡ್ಡಮ್ಮ. “ಬಾಗಿಲು ಹಾಕಿದ ಮೇಲೆ ಒಳಗೆ ಯಾರಾದರೂ ಇರ್ಲಿಕ್ಕುಂಟಾ? ಎಲ್ಲ ತೆಗೆದು ಇನ್ನೊಮ್ಮೆ ಬಡಿಸಬೇಕು ಈಗ.”

ಮಗು ಅಪ್ಪನನ್ನು ನೋಡಿ ಹೇಳಿತು, “ಅಮ್ಮ ಇನ್ನೂ ಬರ್ಲಿಲ್ಲ. ನಾನು ಮುಟ್ಟಲಿಲ್ಲ ಪಪ್ಪ.”

ದೊಡ್ಡಮ್ಮನಿಗೆ ತಾವು ಹೇಳಿದ್ದು ಆಗ ನೆನಪಾಗಿರಬೇಕು. ಸ್ವರ ಇಳಿಸಿ, “ಇವತ್ತು ಆಸ್ಪತ್ರೆಯಲ್ಲಿ ಬಿಡ್ಲಿಲ್ಲ ಅಂತೆ ಮಗಾ, ನಾಳೆ...” ಎಂದು ಶುರುಮಾಡಿದರು.

“ಸಾಕು ದೊಡ್ಡಮ್ಮ,” ಎಂದ ತಮ್ಮ. ಅವನು ಅವರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಮಗುವಿನ ಎದುರು ನೆಲದಲ್ಲಿ ಕುಕ್ಕರಿಸಿ ಕುಳಿತ.

“ಅಮ್ಮ ಬರುವುದಿಲ್ಲ ಮಗಾ. ಅಮ್ಮ ಆಸ್ಪತ್ರೆಯಲ್ಲಿ ಇಲ್ಲ. ಸತ್ತು ಹೋದಳು.”

ಅಷ್ಟು ದಿನ ಆ ಮನೆಯಲ್ಲಿ ಯಾರೂ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ಹೋದಳು, ತೀರಿಕೊಂಡಳು, ದೇವರು ಕರೆದುಕೊಂಡ, ಹೀಗೆಲ್ಲ ಹೇಳಿಕೊಂಡು ದಿನ ಕಳೆದಿದ್ದೆವು. ಮಗು ಅವನ ಬಾಯಿಯನ್ನೇ ನೋಡುತ್ತಿತ್ತು.

“ನಾಳೆಯೂ ಬರುವುದಿಲ್ವಾ?”

“ನಾಳೆಯೂ ಇಲ್ಲ.”

“ಹಾಗಾದ್ರೆ ಉಣ್ಲಿಕ್ಕೆ ಕಾಯುದು ಬೇಡ್ವಾ?”

ತಮ್ಮ ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಮಗು ಎಲೆಯನ್ನು ನೋಡಿತು, ಅವನನ್ನು ನೋಡಿತು. ಅವನ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು, ಅಂಗಿ ಬೇರೆಯವರದ್ದರ ಹಾಗೆ ಜೋತು ಬಿದ್ದಿತ್ತು.

“ಪಪ್ಪ, ನೀನು ಉಣ್ಣದ್ದು ಅದಕ್ಕೆಯಾ? ನೀನು ಸಹ ಅಮ್ಮನನ್ನು ಕಾಯ್ತಾ ಇದ್ದದ್ದಾ?”

ನನ್ನ ತಮ್ಮ ಅಳುವುದನ್ನು ಅಷ್ಟು ದಿನ ಯಾರೂ ಕಂಡಿರಲಿಲ್ಲ. ನೆಂಟರೆಲ್ಲ ಬಾಗಿಲಲ್ಲಿ ನಿಂತಿರುವಾಗಲೇ ಅವನು ಬಿಕ್ಕಿ ಬಿಕ್ಕಿ ಅತ್ತ.

“ಹೌದು ಮಗಾ,” ಎಂದ. “ಕಾಯ್ತಾ ಇದ್ದೆ.”

ಅವಳು ಅಮ್ಮನಿಗೆಂದು ಬಿಟ್ಟಿದ್ದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. ಅವನು ಸರಿದು ಅಲ್ಲಿ ಕುಳಿತು ಉಂಡ.